ರಿಜಿಸ್ಟ್ರಾರ್ ಡಾರ್ಕೊ ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸಿದ್ದು

ಎಬೆನೆಜರ್ ಡಾರ್ಕೊ ಒಂದು ದಿನದ ಮಟ್ಟಿಗೆ ಕುಮಾಸಿ ನಗರಕ್ಕೆ ಹೋಗಿ ಬಂದದ್ದೇ ತಡ, ಅವನ ಕತ್ತು ಎರಡು ಅಂಗುಲ ಉದ್ದವಾಯಿತು. ಹೋಗುವಾಗ ಅವನು ಅಸರೆಕ್ರೊಮ್ ಅರಮನೆಯ ಗುಮಾಸ್ತ, ಬರುವಾಗ ರಿಜಿಸ್ಟ್ರಾರ್. ಹಾಗೆಂದು ಅವನ ಕತ್ತಿನಲ್ಲಿ ನೇತಾಡುತ್ತಿದ್ದ ಬಿಲ್ಲೆಯ ಮೇಲೆ ಬರೆದಿತ್ತು. ಅರಮನೆಗಳ ದಫ್ತರು ನೋಡಿಕೊಳ್ಳುವವರಿಗೆಂದು ನಡೆದ ಕಂಪ್ಯೂಟರ್ ತರಬೇತಿ ಅದು. ಬಂದವರಿಗೆಲ್ಲ ಒಂದು ಬಿಲ್ಲೆ, ಒಂದು ಸರ್ಟಿಫಿಕೇಟು, ಒಂದು ಪೆನ್‌ಡ್ರೈವು, ಮಧ್ಯಾಹ್ನಕ್ಕೆ ಜೊಲೊಫ್ ಅನ್ನ ಮತ್ತು ಕೋಳಿ ಕೊಟ್ಟಿದ್ದರು. ಅನ್ನ, ಕೋಳಿ ಅಲ್ಲೇ ಮುಗಿದವು. ಬಿಲ್ಲೆಯನ್ನು ಮಾತ್ರ ಅವನು ದಿನಗಟ್ಟಲೆ ತೆಗೆಯಲಿಲ್ಲ. ಭಾನುವಾರ ಚರ್ಚಿಗೂ ಹಾಕಿಕೊಂಡು ಹೋದ. ಯಾರೋ ತಪಾಸಣೆಗೆ ಬಂದಿದ್ದಾರೆಂದು ಗಾಬರಿಯಾದ ಪಾದ್ರಿಗಳು ಪ್ರವಚನವನ್ನು ಅರ್ಧ ಗಂಟೆ ಮೊದಲೇ ಮುಗಿಸಿದರು. ಆ ಬಿಲ್ಲೆಯಿಂದ ನಮ್ಮೂರಿಗಾದ ಮೊದಲ ಉಪಕಾರ ಇದು. ಎರಡನೆಯದನ್ನು ಹೇಳಲೆಂದೇ ನಾನೀಗ ಕೂತಿದ್ದೇನೆ.

ಅರಮನೆಯ ದಫ್ತರಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ನಮ್ಮ ದೊರೆ ನಾನಾ ಒಬ್ರೆಂಪಾನ್ ಅವರು ಪೀಠವೇರಿದ ವರ್ಷವೇ ಅದೂ ಬಂದಿತ್ತು. ಇಬ್ಬರಿಗೂ ಈಗ ಹದಿನೈದು ವರ್ಷದ ಅಧಿಕಾರವಾಗಿತ್ತು. ಬೆಳಗ್ಗೆ ಡಾರ್ಕೊ ಅದರ ಗುಂಡಿ ಒತ್ತಿ, ಹೊರಗೆ ಹೆಂಡತಿಯ ಅಂಗಡಿಗೆ ಹೋಗಿ, ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಒಂದು ಕೆಂಕೆ ಉಂಡೆ ಬಿಚ್ಚಿ ಎರಡು ಹುರಿದ ಮೀನಿನ ಜೊತೆ ತಿಂದು, ಕೈ ತೊಳೆದು, ಹಲ್ಲಿಗೆ ಕಡ್ಡಿ ಹಾಕಿಕೊಂಡು ಬಂದರೆ ಆಗ ತಾನೇ ಅದು 'ಸ್ವಾಗತ' ಎನ್ನುತ್ತಿತ್ತು.

ಅದಕ್ಕಿಂತ ದೊಡ್ಡ ದೋಷ ಇನ್ನೊಂದಿತ್ತು. ನಮ್ಮ ಟ್ವಿ ಭಾಷೆಗೆ ಎರಡು ಸ್ವಂತ ಅಕ್ಷರಗಳಿವೆ: ಎಡಕ್ಕೆ ಬಾಯಿ ತೆರೆದ ಓ ಒಂದು, ಬೆನ್ನು ಬಾಗಿದ ಎ ಇನ್ನೊಂದು. ಹಳೆಯ ಯಂತ್ರಕ್ಕೆ ಇವುಗಳ ಪರಿಚಯ ಮಾಡಿಕೊಡುವುದು ಹೇಗೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಓ ಬರಬೇಕಾದ ಕಡೆ ಕಂಸ, ಎ ಬರಬೇಕಾದ ಕಡೆ ಮೂರರ ಅಂಕಿ ಒತ್ತುವುದು ರೂಢಿಯಾಗಿತ್ತು. ಒಬ್ರೆಂಪಾನ್ ಎಂಬ ಹೆಸರಿನಲ್ಲಿ, ಕೊನೆಯ 'ಪಾನ್'ನದೂ ಸೇರಿ, ಎರಡು ಓ, ಒಂದು ಎ. ಅಲ್ಲಿಗೆ ನಮ್ಮ ದೊರೆಯ ಹೆಸರು ಹದಿನೈದು ವರ್ಷ, ಪರೀಕ್ಷೆಯಲ್ಲಿ ಯಾರೂ ಬಿಡಿಸದೆ ಬಿಟ್ಟ ಲೆಕ್ಕದ ಹಾಗೆ ಅಚ್ಚಾಗುತ್ತಿತ್ತು. ಪಕ್ಕದೂರಿನವರು ಸಂತೆಯಲ್ಲಿ ಸಿಕ್ಕಾಗ, "ಏನ್ರಪ್ಪಾ, ನಿಮ್ಮ ನಾನಾ ಹೆಸರಿನ ಉತ್ತರ ಎಷ್ಟು ಬಂತು?" ಎಂದು ಕೇಳುವುದಿತ್ತು.

ಕುಮಾಸಿಯಲ್ಲಿ ಪಾಠ ಹೇಳಿದ ಮೇಡಂ ಸೆಲಾಸಿ ಕೊಟ್ಟ ಪೆನ್‌ಡ್ರೈವಿನಲ್ಲಿ ಇದ್ದದ್ದು ಕಂಪ್ಯೂಟರಿನ ಹೊಸ ವ್ಯವಸ್ಥೆ. ಯಂತ್ರ ಅದೇ, ಒಳಗಿನ ಯಜಮಾನ ಬೇರೆ. ಅದಕ್ಕೆ ಆ ಎರಡೂ ಅಕ್ಷರ ಹುಟ್ಟಿನಿಂದಲೇ ಬರುತ್ತಿದ್ದವು. "ಮೊದಲು ಹಳೇದರ ಪೂರ್ತಿ ಪ್ರತಿ ಬೇರೆ ಡಿಸ್ಕಲ್ಲಿ ತೆಗೆದಿಟ್ಕೊಳ್ಳಿ. ಆಮೇಲೆ ಹೊಸದು ಹಾಕಿ. ಹತ್ತು ದಿನ ನೋಡಿ, ಒಗ್ಗಲಿಲ್ಲ ಅಂದ್ರೆ ಹಿಂದಕ್ಕೆ ಹೋಗಿ. ನಾಚಿಕೆ ಏನಿಲ್ಲ" ಎಂದು ಮೇಡಂ ಹೇಳಿದ್ದರು.

ಮುಂದಿನ ಭಾನುವಾರ ನಾನಾ ಪೀಠವೇರಿ ಹದಿನೈದು ವರ್ಷವಾದ ದರ್ಬಾರು. ನಾನಾ ಮಾತ್ರ ಊರಲ್ಲಿರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅಕ್ರಾಕ್ಕೆ ಹೋಗಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಫೋನನ್ನೂ ಆರಿಸಿಟ್ಟಿದ್ದರು. ಕೇಳುವವರಿಲ್ಲದ ಈ ಸಂದರ್ಭ ನೋಡಿ ಡಾರ್ಕೊ ಮಂಗಳವಾರ ಬೆಳಗ್ಗೆ ಬಾಗಿಲು ಹಾಕಿಕೊಂಡು ಕೂತ. ಹನ್ನೊಂದು ಗಂಟೆಯ ಹೊತ್ತಿಗೆ ಹಳೆಯದು ಅಂಗೈಯಗಲದ ಡಿಸ್ಕಿನಲ್ಲಿ ಮಲಗಿತ್ತು. ಹೊಸದು ಯಂತ್ರದಲ್ಲಿ ಕಣ್ಣು ಬಿಟ್ಟಿತ್ತು. ಅವನು ಒಂದೇ ಹೆಸರು ಒತ್ತಿದ. ಬಾಯಿ ತೆರೆದ ಓ, ಬೆನ್ನು ಬಾಗಿದ ಎ, ಮತ್ತೆ ಬಾಯಿ ತೆರೆದ ಓ, ಮೂರೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಡಾರ್ಕೊ ಎದ್ದು ನಿಂತ. ಯಾರೂ ಇಲ್ಲದ ಕೋಣೆಯಲ್ಲಿ ಚಪ್ಪಲಿ ಕಳಚಿ ಪರದೆಗೆ ತಲೆ ಬಾಗಿಸಿದ. ಆಮೇಲೆ ಬಿಲ್ಲೆ ಸರಿ ಮಾಡಿಕೊಂಡು ಮೇಡಂಗೆ ಫೋನು ಮಾಡಲು ಹೊರಟ.

ಅಸರೆಕ್ರೊಮ್‌ನಲ್ಲಿ ಫೋನಿಗೆ ಸರಿಯಾಗಿ ಸಿಗ್ನಲ್ ಸಿಗುವುದು ಒಂದೇ ಕಡೆ, ಸಿಸ್ಟರ್ ಡೋರ್ಕಸ್‌ಳ ಹೊಲಿಗೆ ಅಂಗಡಿಯ ಕಿಟಕಿಯ ಕೆಳಗೆ. ಡೋರ್ಕಸ್ ಊರಿನ ಬಟ್ಟೆಗಳನ್ನು ಎಷ್ಟು ಬಿಗಿಯಾಗಿ ಹೊಲಿಯುತ್ತಾಳೋ ಬಾಯಿಯನ್ನು ಅಷ್ಟೇ ಸಡಿಲವಾಗಿ ಹೊಲಿದುಕೊಂಡವಳು. ಅವಳ ಮಿಷನ್ನು ಫಕ್ಕನೆ ನಿಂತಿತು. ಅವಳಿಗೆ ಕೇಳಿಸಿದ್ದು ಇಷ್ಟು:

"ಇಳಿಸಿಬಿಟ್ಟೆ ಮೇಡಂ! ಹೌದು, ಈಗ ತಾನೇ. ಹದಿನೈದು ವರ್ಷ ಕೂತಿತ್ತಲ್ಲ, ಸಾಕಾಯ್ತು... ಎಲ್ಲಿ ಮೇಡಂ, ಬೆಳಗ್ಗೆ ಏಳೋಕೇ ಅರ್ಧ ಗಂಟೆ... ಹೊಸದನ್ನ ಕೂರಿಸಾಯ್ತು. ಅದರ ಕಳೇನೇ ಬೇರೆ... ಹತ್ತು ದಿನ ನೋಡೋದು, ಸರಿಹೋಗ್ಲಿಲ್ಲ ಅಂದ್ರೆ ಹಳೇದನ್ನೇ ತಂದು ಕೂರಿಸಿದ್ರಾಯ್ತು... ಇಲ್ಲ ಮೇಡಂ, ಯಾರನ್ನೂ ಕೇಳ್ಲಿಲ್ಲ. ಯಾರನ್ನ ಕೇಳೋದು? ಈ ಅರಮನೆಯ ಹಿರಿಯರಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ!"

ಡೋರ್ಕಸ್ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಹಿಂಬಾಗಿಲಿಂದ ಓಡಿದಳು. ನಮ್ಮಲ್ಲಿ ದೊರೆಯನ್ನು ಪೀಠದಿಂದ ಇಳಿಸುವುದೆಂದರೆ ಹುಡುಗಾಟವಲ್ಲ. ತಿಂಗಳುಗಟ್ಟಲೆ ಪಂಚಾಯಿತಿ, ಕುರಿ ಕಡಿಯುವುದು, ಆಣೆ ಪ್ರಮಾಣ. ಅದನ್ನು ಒಬ್ಬ ಗುಮಾಸ್ತ ಒಂದೇ ಬೆಳಗ್ಗೆ ಮಾಡಿ ಮುಗಿಸಿದ್ದ!

"ಅದೂ 'ಹಳೇದು' ಅಂತಾನೆ!" ಎಂದು ಅವಳು ಮೊದಲ ಮನೆಯಲ್ಲಿ ಎದೆ ಬಡಿದುಕೊಂಡಳು. "ನಾನಾನ್ನ ಹಿಡ್ಕೊಂಡು 'ಹಳೇದು' ಅಂತಾನೆ, ಹಳೇ ಚಪ್ಪಲಿ ಅಂದ ಹಾಗೆ!"

ಎರಡನೆಯ ಮನೆಯಲ್ಲಿ ಈ ಮಾತಿಗೆ ಕುಮಾಸಿಯ ಒಬ್ಬ ಹೆಂಗಸಿನ ಕೈವಾಡ ಸೇರಿಕೊಂಡಿತು. ಐದನೆಯ ಮನೆಯಲ್ಲಿ ಪೊಲೀಸರು ಬಂದರು. ಬಾವಿಕಟ್ಟೆ ತಲುಪುವ ಹೊತ್ತಿಗೆ ನಾನಾ ಅವರ ಕಣ್ಣಿಗೆ ಪಟ್ಟಿ ಕಟ್ಟಿದ್ದು ಡಾಕ್ಟರಲ್ಲ, ಡಾರ್ಕೊ ಎಂದು ಇತ್ಯರ್ಥವಾಗಿತ್ತು.

ಸುದ್ದಿ ತಿಳಿಯದೆ ಉಳಿದವಳು ಡಾರ್ಕೊನ ಹೆಂಡತಿ ಜಾರ್ಜಿನಾ ಒಬ್ಬಳೇ. ಅಂಗಡಿಯಲ್ಲಿ ಕೆಂಕೆಯ ಹಂಡೆಯ ಮುಂದೆ ಕೂತಿದ್ದ ಅವಳಿಗೆ ಮಾತ್ರ ಏನೋ ಹೆಚ್ಚುಕಡಿಮೆಯಾಗಿದೆ ಅನ್ನಿಸಿತು. ದಿನಾ "ಮೀನು ಸಣ್ಣದಾಯ್ತು, ಕಾರ ಕಮ್ಮಿಯಾಯ್ತು" ಎಂದು ಜಗಳಕ್ಕೆ ನಿಲ್ಲುವವರು ಅಂದು ಎರಡೂ ಕೈಯಲ್ಲಿ ಕೆಂಕೆ ಇಸಿದುಕೊಂಡು ಹಿಂದಕ್ಕೆ ಹಿಂದಕ್ಕೇ ನಡೆದು ಹೋದರು. ಸಂಜೆ ಗಂಡ ಮನೆಗೆ ಬಂದಾಗ ಕೇಳಿದಳು.

"ಮಿಸ್ಟರ್ ಡಾರ್ಕೊ, ನೀವು ಏನು ಮಾಡಿದ್ರಿ?"

"ಮಾಡಬೇಕಾದ್ದೇ ಮಾಡ್ದೆ. ಇಷ್ಟು ವರ್ಷ ಯಾರಿಗೂ ಧೈರ್ಯ ಇರ್ಲಿಲ್ಲ" ಎಂದ ಡಾರ್ಕೊ, ಬಿಲ್ಲೆಯ ಮೇಲೆ ಉಗುಳು ಹಚ್ಚಿ ಒರೆಸುತ್ತ.

ಅಷ್ಟರಲ್ಲಿ ಬಾಗಿಲಲ್ಲಿ "ಆಗೋ" ಎಂದು ಒಳಬರಲು ಅಪ್ಪಣೆ ಬೇಡುವ ಧ್ವನಿ ಕೇಳಿತು. "ಆಮೇ" ಎಂದು ಜಾರ್ಜಿನಾ ಒಳಗೆ ಕರೆದಳು. ಬಂದವನು ಅಡಾಯ್, ನಾನಾ ಅವರ ಸೋದರಸಂಬಂಧಿ. ಹದಿನೈದು ವರ್ಷದ ಹಿಂದೆ ಪೀಠಕ್ಕೆ ತಾನೂ ನಿಂತು ಸೋತವನು. ಅಂದಿನಿಂದ ಇವರ ಮನೆಯ ಮುಂದೆ ಹಾದುಹೋಗುವಾಗಲೂ ಮುಖ ಆ ಕಡೆ ತಿರುಗಿಸುತ್ತಿದ್ದವನು ಇವತ್ತು ಕಂಕುಳಲ್ಲಿ ಕೋಳಿ, ಕೈಯಲ್ಲಿ ಶ್ನಾಪ್ಸ್ ಮದ್ಯದ ಬಾಟಲಿ ಹಿಡಿದು ಬಂದಿದ್ದ.

"ರಿಜಿಸ್ಟ್ರಾರ್ ಸಾಹೇಬ್ರೇ" ಎಂದು ಅವನು ಶುರುಮಾಡಿದ. ಡಾರ್ಕೊನ ಕತ್ತು ಇನ್ನರ್ಧ ಅಂಗುಲ ಬೆಳೆಯಿತು. "ಹಳೇದನ್ನ ಇಳಿಸಿದ್ರಂತೆ. ಒಳ್ಳೇ ಕೆಲಸ. ನಾನು ಮೊದಲಿಂದ್ಲೂ ಹೇಳ್ತಾ ಇದ್ದೆ."

"ನಿಮಗೂ ಹಾಗೇ ಅನ್ನಿಸಿತ್ತಾ?" ಡಾರ್ಕೊಗೆ ಸಂತೋಷವಾಯಿತು. ಅಡಾಯ್‌ಗೆ ಕಂಪ್ಯೂಟರಿನಲ್ಲಿ ಇಷ್ಟೊಂದು ಆಸಕ್ತಿ ಇದೆಯೆಂದು ಅವನಿಗೆ ತಿಳಿದಿರಲಿಲ್ಲ.

"ಹೊಸದು ಎಲ್ಲಿಂದ ಬಂತು?"

"ಹೊರದೇಶದ್ದು."

ಅಡಾಯ್ ಕಂಕುಳ ಕೋಳಿಯನ್ನು ಬಿಗಿಯಾಗಿ ಹಿಡಿದುಕೊಂಡ. "ಹೊರದೇಶದ್ದಾ! ನಮ್ಮ ಭಾಷೆ ಬರುತ್ತಾ?"

"ನಮ್ಮೆಲ್ಲರಿಗಿಂತ ಚೆನ್ನಾಗಿ."

"ಏನು ಕೇಳ್ತು? ಜಮೀನಾ, ಮನೆಯಾ?"

"ಏನೂ ಇಲ್ಲ ರೀ, ಪೂರಾ ಪುಕ್ಕಟೆ! ಅದೇ ಅದರ ದೊಡ್ಡಗುಣ."

ಅಡಾಯ್ ಇನ್ನೂ ಹತ್ತಿರಕ್ಕೆ ಸರಿದ. ಪುಕ್ಕಟೆ ಬರುವ ಎದುರಾಳಿಯನ್ನು ಸೋಲಿಸುವುದು ಕಷ್ಟ. "ಹತ್ತು ದಿನದ ಪರೀಕ್ಷೆ ಅಂತೆ" ಎಂದ ಮೆಲ್ಲಗೆ. "ಅದೂ ಸರಿಹೋಗದೆ, ಹಳೇದೂ ಬೇಡ ಅನ್ನಿಸಿದ್ರೆ... ನಾನು ಇದ್ದೀನಿ ಅಂತ ಮನಸ್ಸಲ್ಲಿರ್ಲಿ."

ಕೋಳಿ, ಬಾಟಲಿ ಬಿಟ್ಟು ಅವನು ಹೊರಟುಹೋದ. ಅಡಾಯ್ ದಫ್ತರಿನಲ್ಲಿ ಟೈಪಿಸ್ಟ್ ಕೆಲಸ ಕೇಳುತ್ತಿದ್ದಾನೆಂದು ಡಾರ್ಕೊ ತಿಳಿದುಕೊಂಡ. "ಐವತ್ತೆಂಟನೇ ವಯಸ್ಸಲ್ಲಿ ಕಲಿಯೋ ಹುಮ್ಮಸ್ಸು ನೋಡು" ಎಂದು ಹೆಂಡತಿಗೆ ಹೇಳಿ ಕಣ್ಣೊರೆಸಿಕೊಂಡ. ಜಾರ್ಜಿನಾ ಕಣ್ಣೊರೆಸಿಕೊಳ್ಳಲಿಲ್ಲ. ಕೋಳಿಯ ಕಾಲು ಕಟ್ಟಿ, ಅದನ್ನು ಕೊಯ್ಯದೆ, ವಾಪಸ್ಸು ಕೊಡುವ ದಿನ ಬರುತ್ತದೆಂದು ಬುಟ್ಟಿ ಮುಚ್ಚಿಟ್ಟಳು. ಆ ಮನೆಯಲ್ಲಿ ಮುಂದಾಲೋಚನೆ ಯಾರ ಇಲಾಖೆ ಎಂಬುದು ಇದರಿಂದ ತಿಳಿಯುತ್ತದೆ.

ಬುಧವಾರ ಡಾರ್ಕೊಗೆ ನಿಜವಾದ ಕಷ್ಟ ಎದುರಾಯಿತು. ಹೊಸ ವ್ಯವಸ್ಥೆ ಎಲ್ಲವನ್ನೂ ಮಾಡುತ್ತಿತ್ತು, ಆದರೆ ದಫ್ತರಿನ ಹಳೆಯ ಪ್ರಿಂಟರ್ ಅದರ ಮಾತು ಕೇಳಲಿಲ್ಲ. ಆಜ್ಞೆ ಕೊಟ್ಟರೆ ಒಂದು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಭಾನುವಾರದ ದರ್ಬಾರಿಗೆ, ಊರ ದೊರೆಗಳ ಹೆಸರುಗಳಿರುವ ಮುನ್ನೂರು ಪುಸ್ತಿಕೆ ಅಚ್ಚಾಗಬೇಕಿತ್ತು. ಗುರುವಾರ ಬೆಳಗಿನವರೆಗೂ ಅವನು ಆ ಪ್ರಿಂಟರನ್ನು ಬೇಡಿಕೊಂಡ, ಬೈದ, ಕೊನೆಗೆ ತಟ್ಟಿದ. ಅಷ್ಟರಲ್ಲಿ ಅರಮನೆಯ ವಕ್ತಾರ ಬಾಫೊ, ಚಿನ್ನದ ಹಿಡಿಯ ದಂಡ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ರಾಜಮಾತೆ ಕರೀತಿದಾರೆ. ಈಗಲೇ."

ಡಾರ್ಕೊ ಪ್ರಿಂಟರಿನ ಮೇಲೆ ಒಂದು ಬಟ್ಟೆ ಮುಚ್ಚಿ ಎದ್ದ. ಪ್ರಿಂಟರ್ ಕೆಟ್ಟ ಸುದ್ದಿ ಇಷ್ಟು ಬೇಗ ಮುಟ್ಟಿತೇ?

ಅರಮನೆಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಹಿರಿಯರು ಸಾಲಾಗಿ ಕೂತಿದ್ದರು. ನಡುವೆ ರಾಜಮಾತೆ ನಾನಾ ಸೆರ್ವಾ, ದೊರೆಯ ಚಿಕ್ಕಮ್ಮ, ಎಂಬತ್ತೆರಡು ವರ್ಷದವರು. ನಮ್ಮಲ್ಲಿ ದೊರೆಯನ್ನೂ ರಾಜಮಾತೆಯನ್ನೂ ನಾನಾ ಎಂದೇ ಕರೆಯುವುದು. ಈ ಊರಲ್ಲಿ ಪೀಠಕ್ಕೆ ಯಾರನ್ನು ಕೂರಿಸಬೇಕೆಂದು ಹೆಸರು ಹೇಳುವ ಹಕ್ಕು ಅವರೊಬ್ಬರದೇ. ಸಭೆಯಲ್ಲಿ ಅವರು ನೇರವಾಗಿ ಯಾರ ಜೊತೆಗೂ ಮಾತಾಡುವಂತಿಲ್ಲ. ವಕ್ತಾರನ ಕಿವಿಯಲ್ಲಿ ಹೇಳುತ್ತಾರೆ, ಅವನು ಅದನ್ನು ಸಭೆಗೆ ತಕ್ಕಂತೆ ಅಲಂಕರಿಸಿ ಸಾರುತ್ತಾನೆ. ಅಲಂಕಾರದಲ್ಲಿ ಬಾಫೊನನ್ನು ಮೀರಿಸಿದವರಿಲ್ಲ. "ಊಟ ಆಯ್ತಾ?" ಎಂಬ ಪ್ರಶ್ನೆಯನ್ನೇ ಅವನು ಮೂರು ಗಾದೆಯಲ್ಲಿ ಕೇಳಬಲ್ಲ.

ರಾಜಮಾತೆ ಕಿವಿಯಲ್ಲಿ ಏನೋ ಅಂದರು. ಬಾಫೊ ದಂಡ ಕುಟ್ಟಿದ.

"ರಿಜಿಸ್ಟ್ರಾರ್ ಡಾರ್ಕೊ! ಬಾವಿಯ ನೀರು ಕದಡಿದೆ. ಕದಡಿದ ಕೋಲು ನಿನ್ನದಾ?"

ಡಾರ್ಕೊ ಎರಡೂ ಕೈ ಮುಂದೆ ಚಾಚಿದ. "ನಂದೇ, ನಾನಾ. ಒಪ್ಕೋತೀನಿ. ಯಾರನ್ನೂ ಕೇಳದೆ ಇಳಿಸಿಬಿಟ್ಟೆ."

ಅಂಗಳವೆಲ್ಲ "ಹಾ!" ಎಂದಿತು. ಅಡಾಯ್ ಮೆಲ್ಲಗೆ ಮುಂದಿನ ಸಾಲಿಗೆ ಬಂದ.

"ನೆರಳು ಕೊಟ್ಟ ಮರದ ಬುಡಕ್ಕೇ ಕೊಡಲಿ ಹಾಕೋ ಧೈರ್ಯ ಎಲ್ಲಿಂದ ಬಂತು?"

"ಧೈರ್ಯ ಅಲ್ಲ, ಸರ್ಟಿಫಿಕೇಟ್ ಇದೆ" ಎಂದು ಡಾರ್ಕೊ ಬಿಲ್ಲೆ ಎತ್ತಿ ತೋರಿಸಿದ. "ನೀವೇ ನೋಡಿದೀರಲ್ಲ, ಹದಿನೈದು ವರ್ಷ ಆಗಿತ್ತು. ನೆನಪಿನ ಶಕ್ತಿ ಕಮ್ಮಿ. ಒಂದೇ ಸಲ ಎರಡು ಕೆಲಸ ಹೇಳಿದ್ರೆ ಬಿಸಿಯಾಗಿ ಬುಸುಗುಟ್ಟೋದು. ಕೆಲವು ಸಲ ಮಧ್ಯದಲ್ಲೇ ಸ್ತಬ್ಧ, ಬೆನ್ನ ಮೇಲೆ ತಟ್ಟಿದ್ರೆ ಮಾತ್ರ ಮುಂದಕ್ಕೆ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಳಿದ್ದು ಮಹಾಪರಾಧ, ಸರಿ. ಆದರೆ ಸುಳ್ಳು ಎಂದು ಎದ್ದು ನಿಂತು ಹೇಳಲು ಯಾರಿಗೂ ತಕ್ಷಣ ಆಗಲಿಲ್ಲ.

ರಾಜಮಾತೆಯ ತುಟಿ ನಡುಗಿತು. ಬಾಫೊನ ಧ್ವನಿಯೂ ನಡುಗಿತು. "ಹಳೆಯ ಆನೆ ಈಗ ಯಾವ ಕಾಡಲ್ಲಿ ಮಲಗಿದೆ?"

"ಆನೆ? ಓ, ಹಳೇದಾ?" ಡಾರ್ಕೊಗೆ ಇಲ್ಲಾದರೂ ಒಳ್ಳೆಯ ಉತ್ತರವಿದೆಯೆಂದು ಸಮಾಧಾನವಾಯಿತು. "ಭದ್ರವಾಗಿದೆ, ನಾನಾ. ಇಷ್ಟಗಲದ ಡಬ್ಬೀಲಿ ಹಾಕಿ, ಟವಲ್ಲಲ್ಲಿ ಸುತ್ತಿ, ನನ್ನ ಕಪಾಟಲ್ಲಿಟ್ಟು ಬೀಗ ಹಾಕಿದೀನಿ."

ಅವನು ಕೈಯಲ್ಲಿ ತೋರಿಸಿದ ಅಳತೆ ನೋಡಿ ಡೋರ್ಕಸ್ ಕಿಟ್ಟನೆ ಕಿರುಚಿದಳು. ಹೆಂಗಸರು ತಲೆಯ ಮೇಲೆ ಕೈ ಹೊತ್ತು ಗೋಳೋ ಎಂದರು. ಗೋಳು ಎಷ್ಟು ಜೋರಾಗಿತ್ತೆಂದರೆ, ಹೊರಗೆ ಬಂದು ನಿಂತ ಕಾರಿನ ಸದ್ದು ಯಾರಿಗೂ ಕೇಳಿಸಲಿಲ್ಲ. ಕಾರಿನಿಂದ ಕಪ್ಪು ಕನ್ನಡಕ ಹಾಕಿಕೊಂಡು ಇಳಿದ ನಾನಾ ಒಬ್ರೆಂಪಾನ್, ಊರೆಲ್ಲ ಅಳುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತರು. ಅವರ ಕಣ್ಣಲ್ಲೂ ನೀರು ಬಂತು.

"ಅಯ್ಯೋ, ಯಾರು ಹೋದ್ರು?" ಎಂದು ಕೇಳಿದರು.

ಕೊನೆಗೆ ಡೋರ್ಕಸಳೇ ಹೇಳಬೇಕಾಯಿತು. "ನೀವೇ, ನಾನಾ."

ಬಾಫೊ ಬಾಯಿ ತೆರೆದ, ಮುಚ್ಚಿದ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನಿಗೆ ಗಾದೆ ಸಿಗಲಿಲ್ಲ.

ಎಲ್ಲ ಬಿಡಿಸಿ ಹೇಳಲು ಒಂದು ಗಂಟೆ ಹಿಡಿಯಿತು. ಡಾರ್ಕೊಗೆ ತಾನು ಏನನ್ನು ಒಪ್ಪಿಕೊಂಡಿದ್ದೆನೆಂದು ಅರ್ಥವಾದಾಗ ಅವನು ನೆಲದ ಮೇಲೆ ಕೂತುಬಿಟ್ಟ. ಅಡಾಯ್ ಎಲ್ಲರಿಗಿಂತ ಮೊದಲು ನಾನಾ ಅವರ ಕೈ ಹಿಡಿದು, "ನಿಮ್ಮ ಕಣ್ಣು ಹೇಗಿದೆ? ಇದೇ ಚಿಂತೆಯಲ್ಲಿ ನನಗೆ ಊಟ ಸೇರ್ತಿರ್ಲಿಲ್ಲ" ಎಂದ. ಜಾರ್ಜಿನಾ ಮನೆಗೆ ಹೋಗಿ ಬುಟ್ಟಿಯ ಕೆಳಗಿದ್ದ ಕೋಳಿ ತಂದು ಅವನ ಕಂಕುಳಿಗೆ, ಬಾಟಲಿಯನ್ನು ಕೈಗೆ ಮರಳಿ ಸಿಕ್ಕಿಸಿದಳು.

ನಾನಾ ನಗಲಿಲ್ಲ. "ತೋರಿಸು. ನನ್ನ ಜಾಗದಲ್ಲಿ ಯಾರನ್ನ ಕೂರಿಸಿದೀಯ ನೋಡೋಣ" ಎಂದರು.

ದಫ್ತರಿನಲ್ಲಿ ಗುಂಡಿ ಒತ್ತಿದ್ದೇ ತಡ, ಯಂತ್ರ ಎಚ್ಚೆತ್ತಿತು. ನಾನಾ ಕಪ್ಪು ಕನ್ನಡಕ ತೆಗೆದರು. ಪರದೆಯ ಮೇಲೆ ಅವರ ಹೆಸರಿತ್ತು. ಹೊಸ ಕಣ್ಣಿನಿಂದ ಅವರು ಓದಿದ ಮೊದಲ ಅಕ್ಷರಗಳು ಅವು. ಬೆರಳಿಟ್ಟು ನಿಧಾನವಾಗಿ ಓದಿದರು. ಮತ್ತೊಮ್ಮೆ ಓದಿದರು.

"ಇದು ನಾನು" ಎಂದರು. ಆಮೇಲೆ ಬಾಗಿಲಲ್ಲಿ ತುಂಬಿಕೊಂಡಿದ್ದ ಜನರನ್ನು ನೋಡಿ, ಡಾರ್ಕೊನ ಕಡೆ ತಿರುಗಿದರು. "ಇದರಲ್ಲೇ ಅಚ್ಚು ಹಾಕ್ಸು."

ಪ್ರಿಂಟರ್ ಕೆಮ್ಮಿ ಸುಮ್ಮನಾಯಿತು.

ಬೇರೆ ದಾರಿ ಇರಲಿಲ್ಲ. "ಹಳೇದನ್ನೇ ವಾಪಸ್ ಕೂರಿಸ್ಬೇಕು, ನಾನಾ. ಪ್ರಿಂಟರ್ ಮಾತು ಕೇಳೋದು ಅದರದ್ದು ಮಾತ್ರ" ಎಂದ ಡಾರ್ಕೊ, ಬಿಲ್ಲೆಯನ್ನು ಅಂಗಿಯೊಳಗೆ ತಳ್ಳಿಕೊಳ್ಳುತ್ತ. ಬಾಫೊಗೆ ಕಳೆದುಹೋಗಿದ್ದ ಮಾತು ಮರಳಿ ಬಂತು. "ಮರೆತು ಬಂದದ್ದನ್ನ ಹಿಂದಿರುಗಿ ಹೋಗಿ ತರೋದು ತಪ್ಪಲ್ಲ!" ಎಂದು ದಂಡ ಕುಟ್ಟಿದ. ಇದು ನಮ್ಮಲ್ಲಿ ಹಸುಗೂಸಿಗೂ ಗೊತ್ತಿರುವ ಗಾದೆ. ಆದರೂ ಎಲ್ಲರೂ ಈಗಷ್ಟೇ ಕೇಳಿದವರಂತೆ ತಲೆದೂಗಿದರು.

ಟವಲ್ಲು ಬಿಚ್ಚಿ ಡಬ್ಬಿ ಹೊರಗೆ ತೆಗೆಯುವಾಗ ಯಾರೋ ಡೋಲು ಬಾರಿಸಿದರು. ಹಳೆಯದು ಬಂದು ಕೂತು 'ಸ್ವಾಗತ' ಎನ್ನುವಷ್ಟರಲ್ಲಿ ಜಾರ್ಜಿನಾಳ ಹಂಡೆಯ ಕೆಂಕೆ ಪೂರಾ ಖರ್ಚಾಗಿತ್ತು. ಪ್ರಿಂಟರ್ ಗರಗರ ಎಂದಿತು. ಮೊದಲ ಪುಟ ಹೊರಗೆ ಬಂತು. ನಾನಾ ಅದನ್ನು ಹೊಸ ಕಣ್ಣಿನ ಹತ್ತಿರ ಹಿಡಿದರು.

"ಇದು ಯಾರು?"

ಕಂಸ, ಮೂರು, ಕಂಸ. ಡಾರ್ಕೊ ತಲೆ ತಗ್ಗಿಸಿದ.

"ಹದಿನೈದು ವರ್ಷದಿಂದ ಹೀಗೇ ಬರೀತಿದ್ರಾ? ನನಗೆ ಮಂಜು ಮಂಜಾಗಿ ಕಾಣ್ತಿತ್ತು. ಸರಿಯಾಗೇ ಬರೆದಿರ್ತೀರಿ ಅಂತ ಸಹಿ ಹಾಕ್ತಿದ್ದೆ." ನ್ಯಾಯ ಹೇಳುವಾಗಲೂ ಏರದ ಅವರ ಧ್ವನಿ ಈಗ ಇನ್ನೂ ಇಳಿದಿತ್ತು. "ಜಿಲ್ಲಾ ಕಚೇರಿಗೆ, ಪಕ್ಕದೂರಿನ ದೊರೆಗಳಿಗೆ, ಎಲ್ಲರಿಗೂ ಹೀಗೇ ಹೋಗಿದೆಯಾ?"

"ಹೌದು, ನಾನಾ."

ನಾನಾ ಕಾಗದವನ್ನು ಹರಿಯಲಿಲ್ಲ. ನಾಲ್ಕಾಗಿ ಮಡಚಿ ಡಾರ್ಕೊನ ಕೈಗೆ ಕೊಟ್ಟು, ಕನ್ನಡಕ ಹಾಕಿಕೊಂಡು ಒಳಗೆ ಹೋದರು. ಹರಿದಿದ್ದರೆ, ಎರಡು ಮಾತು ಬೈದಿದ್ದರೆ, ಡಾರ್ಕೊ ಅಂದು ಮನೆಗೆ ಹೋಗಿ ಉಂಡು ಮಲಗುತ್ತಿದ್ದನೇನೋ. ಆ ಮಡಚಿದ ಕಾಗದ ಅವನನ್ನು ಬಿಡಲಿಲ್ಲ. ಬಿಲ್ಲೆ ಕಳಚಿ ಮೊಳೆಗೆ ಹಾಕಿ, ಅವನು ಡೋರ್ಕಸ್‌ಳ ಕಿಟಕಿಯ ಕೆಳಗೆ ಹೋಗಿ ನಿಂತ.

ಶುಕ್ರವಾರ ಪೂರ್ತಿ ಅವನು ಮೇಡಂ ಸೆಲಾಸಿಯ ಜೊತೆ ಫೋನಿನಲ್ಲಿದ್ದ. ಮೇಡಂ ಹೇಳುವುದು, ಇವನು ದಫ್ತರಿಗೆ ಓಡುವುದು, ಒತ್ತುವುದು, ತಪ್ಪುವುದು, ಮತ್ತೆ ಕಿಟಕಿಯ ಕೆಳಗೆ ಓಡಿ ಬರುವುದು. ಈ ಬಾರಿ ಡೋರ್ಕಸ್ ಕದ್ದು ಕೇಳಲಿಲ್ಲ, ರಾಜಾರೋಷವಾಗಿ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ, "ಎಡಗಡೆ ಎರಡನೇದು ಒತ್ತು ಅಂದ್ರು ಮೇಡಂ, ನೀನು ಬಲಗಡೆ ಒತ್ತಿದೀಯ ನೋಡು ಹೋಗು!" ಎಂದು ಅವನನ್ನು ತಿದ್ದುವ ಮಟ್ಟಕ್ಕೆ ಬಂದಿದ್ದಳು. ಅವನ ಕಾಲು ಸೋತಾಗ ಫೋನು ತಾನೇ ಹಿಡಿದುಕೊಂಡು, ಮೇಡಂ ಅಂದದ್ದನ್ನು ಕಿಟಕಿಯಿಂದ ದಫ್ತರಿನ ತನಕ ಕೇಳಿಸುವಂತೆ ಕೂಗಿ ಹೇಳಿದಳು. ಆ ಗಂಟಲನ್ನು ದೇವರು ಯಾಕೆ ಕೊಟ್ಟನೆಂದು ಊರಿಗೆ ಆವತ್ತು ತಿಳಿಯಿತು.

ಸಂಜೆ ನಾಲ್ಕಕ್ಕೆ ಡಾರ್ಕೊ ಅರಮನೆಯವರನ್ನು ಕರೆದ. ನಾನಾ, ರಾಜಮಾತೆ, ಬಾಫೊ ಬಂದರು.

"ಈಗ ಯಾರು ಕೂತಿದಾರೆ?" ಎಂದ ಬಾಫೊ, ಎಚ್ಚರಿಕೆಯಿಂದ.

"ಇಬ್ಬರೂ."

"ಒಂದೇ ಪೀಠದಲ್ಲಿ ಇಬ್ಬರಾ!" ಬಾಫೊ ಎರಡು ಹೆಜ್ಜೆ ಹಿಂದೆ ಸರಿದ. "ಊರು ಒಡೆಯೋದೇ ಹೀಗೆ!"

"ಜಗಳ ಇಲ್ಲ, ಕೇಳಿ. ಹೊಸದು ಅಕ್ಷರ ಸರಿಯಾಗಿ ಬರೆಯುತ್ತೆ, ಆದ್ರೆ ಪ್ರಿಂಟರ್ ಮುಂದೆ ಮೂಕ. ಹಳೇದಕ್ಕೆ ನಮ್ಮ ಅಕ್ಷರ ಬರಲ್ಲ, ಆದ್ರೆ ಪ್ರಿಂಟರ್ ಅದರ ಮಾತು ಕೇಳುತ್ತೆ. ಹೊಸದರಲ್ಲಿ ಬರೆದು, ಇಡೀ ಪುಟಾನ ಫೋಟೋ ತರ ಮಾಡಿ ಕೊಟ್ರೆ, ಹಳೇದು ಏನೂ ತಿದ್ದದೆ ಹಾಗೇ ಅಚ್ಚು ಹಾಕುತ್ತೆ."

ಬಾಫೊ ದಂಡವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಅಂದ್ರೆ ಹೊಸದು ಮೆಲ್ಲಗೆ ಹೇಳುತ್ತೆ, ಹಳೇದು ಊರಿಗೆ ಸಾರುತ್ತೆ."

"ಹಾಗೇ ಅನ್ಕೊಳ್ಳಿ."

"ಹಾಗಾದ್ರೆ ಹಳೇದು ವಕ್ತಾರ!" ಬಾಫೊ ಮುಂದೆ ಬಂದು ಪ್ರಿಂಟರಿನ ನೆತ್ತಿಯನ್ನು ಸವರಿದ. "ಅದಕ್ಕೆ ಪಾಪ, ಅಷ್ಟು ಕೆಮ್ಮು. ನನಗೂ ಇದೆ."

ಪುಟ ಹೊರಗೆ ಬಂತು. ನಾನಾ ಕೈ ಚಾಚುವ ಮೊದಲೇ ರಾಜಮಾತೆ ಅದನ್ನು ಎತ್ತಿಕೊಂಡರು. ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ, ಸಂಪ್ರದಾಯ ಮರೆತು, ಗಟ್ಟಿಯಾಗಿ ಓದಿದರು. ಮೊದಲ ಸಾಲು, ಎರಡನೆಯ ಸಾಲು, ಕೆಳಗಿನವರೆಗೂ. ಓದಿ ಮುಗಿಸಿ ತಲೆ ಎತ್ತಿದಾಗ ಅವರ ಮುಖದಲ್ಲಿ ಆಶ್ಚರ್ಯವಿತ್ತು.

"ಇದು ಟ್ವಿ!" ಎಂದರು. "ಚರ್ಚಿನ ಹಾಡಿನ ಪುಸ್ತಕದಲ್ಲಿ ನಾನು ಓದು ಕಲಿತಿದ್ದು. ಈ ದಫ್ತರಿನ ಒಂದು ಕಾಗದಾನೂ ನನಗೆ ಓದೋಕೆ ಬರ್ತಿರ್ಲಿಲ್ಲ. ಇಷ್ಟು ವರ್ಷ ಎಲ್ಲಾ ಇಂಗ್ಲಿಷು ಅಂದ್ಕೊಂಡು ಹೆಬ್ಬೆಟ್ಟು ಒತ್ತಿದ್ದೀನಲ್ಲೋ!"

ರಾಜಮಾತೆ ಕುರ್ಚಿ ಎಳೆಸಿಕೊಂಡು ಡಾರ್ಕೊನ ಪಕ್ಕದಲ್ಲಿ ಕೂತರು.

"ಪುಸ್ತಿಕೆಯಲ್ಲಿ ದೊರೆಗಳ ಹೆಸರು ಮಾತ್ರ ಇದೆ. ರಾಜಮಾತೆಯರ ಹೆಸರು ಎಲ್ಲಿ?"

"ಅವು ಯಾವ ಕಾಗದದಲ್ಲೂ ಇಲ್ಲ, ನಾನಾ."

"ಇಲ್ಲಿದೆ" ಎಂದು ಅವರು ಹಣೆ ತೋರಿಸಿದರು. "ಒತ್ತು."

ಫ್ರೆಂಪೊಮಾ ಎಂಬ ಹೆಸರಿನಿಂದ ಶುರುವಾಗಿ ಹನ್ನೊಂದು ಹೆಸರು. ಒಬ್ಬೊಬ್ಬರು ಯಾರ ಮಗಳು, ಯಾವ ಬರಗಾಲದಲ್ಲಿ ಯಾವ ಕಣಜ ತೆರೆಸಿದರು, ಯಾವ ಯುದ್ಧ ತಪ್ಪಿಸಿದರು, ಎಲ್ಲವನ್ನೂ ಹೇಳಿದರು. ಡಾರ್ಕೊ ಒಂದು ಅಕ್ಷರವನ್ನೂ ತಪ್ಪದೆ ಒತ್ತಿದ. ಎಲ್ಲಿ ಬಾಯಿ ತೆರೆದ ಓ, ಎಲ್ಲಿ ಬರಿಯ ಓ ಎಂದು ಪ್ರತಿ ಹೆಸರಿಗೂ ಕೇಳಿಕೊಂಡೇ ಮುಂದುವರಿದ. ಶನಿವಾರ ಸಂಜೆಯ ಹೊತ್ತಿಗೆ ಮುನ್ನೂರು ಪುಸ್ತಿಕೆ ಸಿದ್ಧವಾದವು. ಹೇಳದೆ ಕೇಳದೆ ಯಂತ್ರಕ್ಕೆ ಕೈ ಹಾಕಿದ್ದಕ್ಕೆ ಡಾರ್ಕೊಗೆ ಒಂದು ಕುರಿ ದಂಡ ಬಿತ್ತು. ನಾನಾ ಅದನ್ನು ವಸೂಲು ಮಾಡಿ, ಅದರ ತೊಡೆಯನ್ನು ಜಾರ್ಜಿನಾಗೆ ಕಳಿಸಿದರು.

ಭಾನುವಾರ ದರ್ಬಾರು. ಪೀಠದ ಆಸ್ತಿಯೆಲ್ಲ ಮೆರವಣಿಗೆಯಲ್ಲಿ ಹೊರಟಿತು: ಮುಂದೆ ಡೋಲು, ಆಮೇಲೆ ಖಡ್ಗಗಳು, ಚಿನ್ನದ ಹಿಡಿಯ ದಂಡ. ಅವುಗಳ ಹಿಂದೆ, ನಾನಾ ಅವರೇ ಅಪ್ಪಣೆ ಕೊಟ್ಟಂತೆ, ಕೆಂಪು ರೇಷ್ಮೆ ಛತ್ರಿಯ ನೆರಳಲ್ಲಿ, ನಾಲ್ವರು ಹೊತ್ತ ಮಂಚದ ಮೇಲೆ ಅರಮನೆಯ ಕಂಪ್ಯೂಟರು ಬಂತು. ಪಕ್ಕದೂರಿನ ದೊರೆಗಳು ಪುಸ್ತಿಕೆ ತೆರೆದು ಹೆಸರು ನೋಡಿದರು, ಕಂಪ್ಯೂಟರು ನೋಡಿದರು, ತಮ್ಮ ತಮ್ಮ ಗುಮಾಸ್ತರ ಕಡೆ ತಿರುಗಿ ನೋಡಿದರು. ಆ ಗುಮಾಸ್ತರು ಮುಖವನ್ನು ಬೇರೆ ಕಡೆ ತಿರುಗಿಸಿದರು. ಅವರೆಲ್ಲರ ಕತ್ತಿನಲ್ಲೂ ಬಿಲ್ಲೆ ಇತ್ತು.

ಮಂಚದ ಹಿಂದೆ ಡಾರ್ಕೊ. ಬಣ್ಣಬಣ್ಣದ ನೇಯ್ಗೆಯ ಹೊಸ ಕೆಂಟೆ ಬಟ್ಟೆಯನ್ನು ಎಡಹೆಗಲ ಮೇಲಿಂದ ಹೊದ್ದಿದ್ದ. ಕಂಪ್ಯೂಟರಿನ ಕರಿಯ ವಯರು ಮಣ್ಣಿಗೆ ತಾಗಬಾರದೆಂದು ಎರಡೂ ಕೈಯಲ್ಲಿ ಅದರ ತುದಿಯನ್ನು ಎತ್ತಿ ಹಿಡಿದು ನಡೆಯುತ್ತಿದ್ದ. ನಾನಾ ಕೂತಿದ್ದ ಚಪ್ಪರ ಹತ್ತು ಹೆಜ್ಜೆ ಇದೆ ಎನ್ನುವಾಗ ಎಡಹೆಗಲಿನ ಬಟ್ಟೆ ಜಾರತೊಡಗಿತು.

"ಮಿಸ್ಟರ್ ಡಾರ್ಕೊ! ಬಟ್ಟೆ! ಬಟ್ಟೆ ಹಿಡ್ಕೊಳ್ಳಿ!" ಜನರ ನಡುವಿನಿಂದ ಜಾರ್ಜಿನಾ ಕೂಗಿದಳು.

ಹಿಡಿದುಕೊಳ್ಳಬೇಕಾದರೆ ವಯರು ಬಿಡಬೇಕು. ಡಾರ್ಕೊ ಬಿಡಲಿಲ್ಲ. ಬಟ್ಟೆ ಹೆಗಲಿನಿಂದ ಪೂರ್ತಿ ಇಳಿದು ಸೊಂಟದ ಮೇಲೆ ನಿಂತಿತು. ಬರಿಯ ಎದೆಯಲ್ಲಿ, ಎರಡೂ ಕೈ ಮುಂದೆ ಚಾಚಿ, ಅವನು ನಾನಾ ಅವರ ಎದುರು ಬಂದು ನಿಂತ. ದೊರೆಯ ಮುಂದೆ ಹೆಗಲಿನ ಬಟ್ಟೆ ಇಳಿಸುವುದು ನಮ್ಮಲ್ಲಿ ಅತಿ ದೊಡ್ಡ ಗೌರವ. ಈಗಿನ ಕಾಲದಲ್ಲಿ ಇಷ್ಟು ಪೂರ್ತಿಯಾಗಿ ಯಾರೂ ಇಳಿಸುವುದಿಲ್ಲ. ಚಪ್ಪರದಲ್ಲಿದ್ದ ಹಿರಿಯರು ಮೆಚ್ಚಿ ತಲೆದೂಗಿದರು. ನಾನಾ ಒಬ್ರೆಂಪಾನ್ ಕಪ್ಪು ಕನ್ನಡಕ ತೆಗೆದು, ಪೀಠದಿಂದ ಅರ್ಧ ಎದ್ದು, ರಿಜಿಸ್ಟ್ರಾರನಿಗೆ ಕೈ ಎತ್ತಿದರು. ಡೋಲುಗಳು ಒಮ್ಮೆಲೇ ಮೊಳಗಿದವು. ಡಾರ್ಕೊ ವಯರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದ.